ಹಿಂದಿನ ಬಾಗಿಲಿನ ಖಣ

ಗಂಗಕ್ಕಾ, ಬನಶಂಕರಿಯ ಉಡಿಯಿಂದ ನಿಮಗೆ ಪ್ರಸಾದವಾಗಿ ಬಂದ ಖಣವನ್ನು ನಾನು ಕಾರಿನ ಬಾಗಿಲಿಗೆ ಅಂಟಿಸಿದೆ. ನಿಮಗೆ ಹೊಲಿದುಕೊಟ್ಟ ಕುಪ್ಪಸ ಆ ಖಣದ್ದಲ್ಲ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಸನತ್‌ನಗರದ ಆ ಮನೆ ನಿಮಗೆ ನೆನಪಿದೆಯಲ್ಲ — ಮುಂದಿನ ಕೋಣೆ ನಿಮ್ಮದು, ಹಿಂದಿನದು ನಮ್ಮದು, ನಡುವೆ ಇಬ್ಬರು ನೆಗೆಣ್ಣಿಯರಿಗೂ ಒಂದೇ ಅಡುಗೆಮನೆ. ನಮ್ಮವರು ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿತ್ತು. ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಅಲ್ಲಿನ ಹುಡುಗ ಹುಡುಗಿಯರನ್ನು ಕರೆದೊಯ್ಯಲು ಗಾಡಿಗಳು ಬೇಕಾಗಿದ್ದವು. ಇವರು ಒಂದು ಹಳೆಯ ಕಾರು ತಂದರು. ಎಂಜಿನ್ನು ಚಲೋ ಇತ್ತು, ದೇವರ ದಯೆ. ಆದರೆ ನಾಲ್ಕೂ ಬಾಗಿಲುಗಳ ಒಳಗಿನ ಬಟ್ಟೆ ಹರಿದು ಜೋತಾಡುತ್ತಿತ್ತು. ಒಳಗೆಲ್ಲ ಸರಿಮಾಡಿಸದಿದ್ದರೆ ಗಾಡಿ ಇಟ್ಟುಕೊಳ್ಳುವುದಿಲ್ಲ ಎಂದು ಆಫೀಸಿನ ಸೂಪರ್‌ವೈಸರ್ ಹೇಳಿ ಕಳಿಸಿದ್ದ.

ಆಗಲೇ ನಾವಿಬ್ಬರೂ ಬಾದಾಮಿಗೆ ಹೋಗಿದ್ದು. ನೀವು ದೇವಿಗೆ ಉಡಿ ತುಂಬಿದಿರಿ, ಪೂಜಾರಿ ಒಂದು ಖಣಕ್ಕೆ ಕುಂಕುಮ ಹಚ್ಚಿ ನಿಮ್ಮ ಸೆರಗಿಗೆ ಹಾಕಿದರು. ಮದುವೆಯಾಗಿ ಅಷ್ಟು ವರ್ಷವಾದರೂ ಮಡಿಲು ಬರಿದಾಗಿದ್ದ ನೀವು ಅದನ್ನು ಕೂಸಿನಂತೆ ಎತ್ತಿಕೊಂಡು ಬಂದಿರಿ. ಹೊರಗಿನ ಅಂಗಡಿಯಲ್ಲಿ ಅದೇ ದಾಳಿಂಬೆ ಬಣ್ಣದ, ಅದೇ ಹಸಿರು ಅಂಚಿನ ಖಣಗಳನ್ನು ನಾನು ಕಾರಿಗೆಂದು ಕೊಂಡೆ, ಬಾಗಿಲಿಗೊಂದರಂತೆ. ನೀವು ನಕ್ಕಿದ್ದಿರಿ — "ಏ ಶಾಂತಾ, ಕಾರಿಗೂ ಉಡಿ ತುಂಬತೀ ಏನ?"

ಮನೆಗೆ ಬಂದ ಮೇಲೆ ದೇವಿಯ ಖಣವನ್ನು ನನ್ನ ಕೈಗಿತ್ತಿರಿ. "ಕೈ ತೊಳಕೊಂಡು ಹೊಲಿ, ತಂಗಿ. ನಿನ್ನ ಕೈಗುಣ ಚಲೋ ಐತಿ." ಅದನ್ನು ದೇವರ ಗೂಡಿನಲ್ಲಿಟ್ಟೆ.

ಮರುದಿನ ಇವರು ಬಾಗಿಲಿನ ಹಲಗೆಗಳನ್ನು ಬಿಚ್ಚಿ ಅಂಗಳಕ್ಕೆ ತಂದರು. ಹಳೆಯ ಬಟ್ಟೆ ಸುಲಿದು, ಪುಡಿಪುಡಿಯಾದ ಸ್ಪಂಜನ್ನು ಕೆರೆದು, ಅಂಟು ಸವರಿ, ಖಣವನ್ನು ಎಳೆದು ಕೂರಿಸಿ, ಅಂಚನ್ನು ಚಮಚದ ಹಿಡಿಯಿಂದ ಸಂದಿಗೆ ತುರುಕುತ್ತಾ ಹೋದೆ. ಎಂಥ ಸಂಭ್ರಮ ಅಕ್ಕಾ! "ಕಾರಿಗೆ ಕುಪ್ಪಸ ಹೊಲಿಯಾಕತ್ತಾಳ ನೋಡ್ರಿ," ಎಂದು ಇವರು ಓಣಿಗೆಲ್ಲ ಕೇಳುವಂತೆ ಕೂಗಿದರು. "ನಿಮಗೂ ಒಂದು ಹೊಲೀತೀನಿ, ತಡೀರಿ," ಎಂದೆ ನಾನು.

ಆ ನಗುವಿನಲ್ಲೇ ಕೈ ತಪ್ಪಿತು. ಹಿಂದಿನ ಬಲಬಾಗಿಲಿನ ಕಾಗದದ ಅಚ್ಚನ್ನು ಮಗುಚದೆ ಹಾಗೇ ಇಟ್ಟು ಎಡಬಾಗಿಲಿನ ಖಣವನ್ನೂ ಕತ್ತರಿಸಿಬಿಟ್ಟೆ. ಆಕಾರ ಹೊಂದಿಸಲು ತಿರುಗಿಸಿದರೆ ಖಣದ ಹಿಂಬದಿ ಮೇಲೆ ಬಂತು — ನೂಲೆಲ್ಲ ಜೋತಾಡುವ ಆ ಬದಿ. ಕುಪ್ಪಸದ ಎರಡು ತೋಳನ್ನು ಕಣ್ಣು ಮುಚ್ಚಿ ಕತ್ತರಿಸುವವಳು ನಾನು!

ಬೆಳಗಾದರೆ ಗಾಡಿ ತೋರಿಸಬೇಕಿತ್ತು. ಒಂದು ಬಾಗಿಲು ಬೋಳಾಗಿದ್ದರೆ ಕೆಲಸ ಹೋಯಿತು. ಇವರು ಚಹಾ ಕುಡಿಯಲು ಒಳಗೆ ಹೋಗಿದ್ದರು, ನೀವು ಬಟ್ಟೆ ಒಣಹಾಕಲು ಮಾಳಿಗೆಗೆ. ದೇವರ ಗೂಡಿಗೆ ಕೈ ಹಾಕಿದೆ. ಕತ್ತರಿ ಇಡುವಾಗ "ತಾಯಿ, ಕ್ಷಮಿಸು" ಎಂದೆ. ನಿಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ನೀವು ಕೊಡುತ್ತಿದ್ದಿರೇನೋ — ಅದಕ್ಕೇ ಕೇಳಲಿಲ್ಲವೇನೋ. ಕುಂಕುಮದ ಮೂಲೆಯನ್ನು ಹಿಂದಕ್ಕೆ ಮಡಚಿ ಅಂಟಿಸಿದೆ.

ಗಾಡಿ ಪಾಸಾಯಿತು. "ಅರೆ ಮಿಯಾ, ಗಾಡಿ ಹೈ ಕೀ ದುಲ್ಹನ್?" — ಇದು ಗಾಡಿಯೋ ಮದುಮಗಳೋ — ಎಂದು ಸೂಪರ್‌ವೈಸರ್ ನಕ್ಕನಂತೆ. ಅಂದು ಮನೆಯಲ್ಲಿ ಹೋಳಿಗೆ. ನೀವೇ ತಟ್ಟಿದಿರಿ, ನನ್ನ ಬಾಯಿಗೆ ಮೊದಲ ತುತ್ತು ನೀವೇ ಇಟ್ಟಿರಿ.

ಅಲ್ಲಿಗೆ ನಿಂತಿದ್ದರೆ ಅದು ಅವಸರದ ತಪ್ಪಾಗುತ್ತಿತ್ತು. ಆದರೆ ನಾನು ಬಾದಾಮಿಗೆ ಹೊರಟಿದ್ದ ಪಕ್ಕದ ಮನೆಯವರ ಕೈಯಲ್ಲಿ ಅಂಥದೇ ಖಣ ತರಿಸಿದೆ. ಅದರ ಮೂಲೆಗೆ ನನ್ನ ಬೆರಳಿನಿಂದಲೇ ಕುಂಕುಮ ಹಚ್ಚಿದೆ. ಕುಪ್ಪಸ ಹೊಲಿದುಕೊಟ್ಟಾಗ ಕಣ್ಣಿಗೊತ್ತಿಕೊಂಡು ನೀವು ಕೇಳಿದಿರಿ, "ದೇವಿ ಖಣ ಇದ ಅಲ್ಲ, ಶಾಂತಾ?"

"ಹೌದ್ರಿ ಅಕ್ಕಾ, ಇದ."

ಆ ಎರಡು ಮಾತು — ಅವೇ ನನ್ನ ಪಾಪ.

ಮುಂದಿನ ಶ್ರಾವಣದ ಹೊತ್ತಿಗೆ ನಿಮಗೆ ದಿನ ತುಂಬಿತ್ತು. ಬೇಗಂಪೇಟೆಯ ಆಸ್ಪತ್ರೆಗೆ ನಮ್ಮ ಕಾರಿನಲ್ಲೇ ಹೊರಟೆವು. ನೀವು ಹಿಂದಿನ ಎಡಬಾಗಿಲಿಗೆ ಒರಗಿ, ನೋವು ಬಂದಾಗಲೆಲ್ಲ ಆ ಖಣಕ್ಕೇ ಅಂಗೈ ಒತ್ತುತ್ತಿದ್ದಿರಿ. ನಿಮ್ಮ ಬಳೆ ಸಿಕ್ಕಿ ಅದರ ಒಂದು ಎಳೆ ಎದ್ದಿತು. ನೀವು ಆ ನೋವಿನಲ್ಲೂ, "ನಿನ್ನ ಕಾರಿನ ಕುಪ್ಪಸ ಹರದೆ ನೋಡ," ಎಂದು ನಗಿಸಿದಿರಿ. ಸಂಜೆ ಗೌರಿ ಹುಟ್ಟಿದಳು. ಅವಳ ಮೊದಲ ಅಳು ಕೇಳಿದಾಗ ನಾನು ಕಾರಿಡಾರಿನಲ್ಲೇ ನೆಲಮುಟ್ಟಿ ನಮಸ್ಕರಿಸಿದೆ. ದೇವಿಯ ಖಣದಿಂದಲೇ ಮಡಿಲು ತುಂಬಿತೆಂದು ಎಲ್ಲರೂ ಕುಪ್ಪಸವನ್ನು ಹೊಗಳಿದರು. ನಾನೂ ಹೊಗಳಿದೆ.

ದೇವಿ ನಿಮ್ಮ ಬಗಲಲ್ಲೇ ಕುಳಿತು ಬಂದಳು ಎಂದು ಎಷ್ಟೋ ಸಲ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೇನೆ. ಆ ಮಾತು ಹೇಳುವ ಹಕ್ಕು ನನ್ನದಲ್ಲ.

ಕಾರನ್ನು ಗುಜರಿಗೆ ಕೊಡುವ ಮೊದಲು ಆ ಬಾಗಿಲಿನ ಖಣವನ್ನು ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಬಿಡಿಸಿಕೊಂಡೆ. ಅಂಟಿನಿಂದ ಹಪ್ಪಳದಂತೆ ಬಿರುಸಾಗಿದೆ. ಬಿಸಿಲಿಗೆ ಬಣ್ಣ ಇಳಿದಿದೆ. ನಿಮ್ಮ ಬಳೆ ಎಳೆದ ಎಳೆ ಹಾಗೇ ಇದೆ. ಹಿಂದೆ ಮಡಚಿದ್ದ ಮೂಲೆಯಲ್ಲಿ ಕುಂಕುಮ ಇನ್ನೂ ಕೆಂಪಗಿದೆ.

ನಿನ್ನೆ ನೀವು ಟ್ರಂಕಿನಿಂದ ಕುಪ್ಪಸ ತೆಗೆದು, "ನಾಳೆ ಗೌರಿ ಮದುವಿ ಉಡಿಯೊಳಗ ಇದನ್ನ ಹಾಕೂಣು, ದೇವಿ ಕೊಟ್ಟದ್ದು," ಎಂದಿರಿ. ನಾನು ಎಂದಿನಂತೆ ತಲೆಯಾಡಿಸಿದೆ. ಇನ್ನು ಆಡಿಸಲಾರೆ. ಉಡಿ ತುಂಬುವ ಮೊದಲು ಈ ಬಿರುಸು ಖಣವನ್ನು ತಟ್ಟೆಯಲ್ಲಿಟ್ಟುಕೊಂಡು ನಿಮ್ಮ ಕೋಣೆಗೆ ಬರುತ್ತೇನೆ. ಬೈಯಿರಿ, ಮಾತು ಬಿಡಿರಿ, ಯಾವ ಖಣ ಹಾಕಬೇಕೆಂದು ನೀವೇ ಹೇಳಿರಿ. ನಮ್ಮ ಗೌರಿಯ ಉಡಿಗೆ ನನ್ನ ಬೆರಳಿನ ಕುಂಕುಮ ಮಾತ್ರ ಬೀಳಬಾರದು, ಅಕ್ಕಾ.