ಎಣ್ಣೆಯ ಮೇಲೆ ಸುಣ್ಣ

ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವವಳು ನಾನಲ್ಲ. ಮೈದುನನ ಹೆಂಡತಿ ಅವಳು, ಆಟೊಮೊಬೈಲ್ ಡಿಪ್ಲೊಮಾ ಓದಿ ಹಾರೋಹಳ್ಳಿಯ ಫ್ಯಾಕ್ಟರಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಉಯ್ಯಂಬಳ್ಳಿ ಕಡೆಯ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುವವಳು ನಾನು. ಸೊಪ್ಪು ಕೊಯ್ಯುವುದರಿಂದ ಹಿಡಿದು ಗೂಡು ಬಿಡಿಸುವ ತನಕ ಎಲ್ಲವೂ ನನ್ನ ತಲೆಯ ಮೇಲೆ. ಆದರೂ ನಮ್ಮ ಮಾವ ಹುಳಮನೆಯ ಬಾಗಿಲಲ್ಲಿ ನಿಂತು ‘ಚೆನ್ನಾಗಿ ಮಾಡಿದ್ದೀಯ’ ಅಂದ ದಿನವಿಲ್ಲ. ಅವಳು ಮನೆಯ ಹಳೇ ಜೀಪಿನ ಬಾನೆಟ್ ಎತ್ತಿದರೆ ಮಾತ್ರ ಮಂಡಿನೋವು ಮರೆತು ಜಗಲಿಯಿಂದ ಇಳಿದು ಬರುತ್ತಾರೆ.

ಆ ಭಾನುವಾರವೂ ಹಾಗೇ ಇಳಿದು ಬಂದರು. ಜೀಪು ಮುಂದುಗಡೆಯಿಂದ ಎಣ್ಣೆ ಸುರಿಸುತ್ತಿತ್ತು. ಗೂಡು ಬಿಡಿಸಿ ಚೀಲಕ್ಕೆ ತುಂಬಿ ಆಗಿತ್ತು. ಮಾರನೆಯ ದಿನ ಬೆಳಿಗ್ಗೆ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹಾಕಲೇಬೇಕು. ತಡವಾದರೆ ಒಳಗಿನ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಅಲ್ಲಿಗೆ ಬೆಳೆ ಮುಗಿಯಿತು. ಬಾಡಿಗೆ ಟೆಂಪೊ ಹೇಳಿಬಿಡೋಣ ಅಂದೆ. “ಮನೇಲಿ ಜೀಪ್ ಮಡಿಕೊಂಡು ಬಾಡಿಗೆ ಗಾಡಿ ಯಾಕವ್ವ, ಚಿಕ್ಕೋಳು ಮಾಡ್ತಾಳೆ ಬುಡು” ಅಂದರು ಮಾವ.

ಎಂಜಿನ್ನಿನ ಮುಂದೆ, ಕ್ರ್ಯಾಂಕ್ ಅನ್ನುವ ತಿರುಗುವ ದಂಡದ ತುದಿಗೆ, ಬ್ಯಾಲೆನ್ಸರ್ ಅನ್ನುವ ಭಾರದ ಚಕ್ರವಿರುತ್ತದೆ. ಎಂಜಿನ್ನಿನ ನಡುಕವನ್ನು ಅದು ನುಂಗಿಕೊಳ್ಳುತ್ತದಂತೆ. ಅದರ ಕತ್ತನ್ನು ಬಳೆಯಂತೆ ಹಿಡಿದುಕೊಂಡು ಒಂದು ರಬ್ಬರ್ ಸೀಲು, ಎಣ್ಣೆ ಹೊರಬರದ ಹಾಗೆ. ಎರಡೂ ಹಾಳಾಗಿದ್ದವು. ಹೊಸದನ್ನು ಅವಳೇ ಕನಕಪುರದಿಂದ ತಂದಿದ್ದಳು. ಬೆಲ್ಟ್ ಬಿಚ್ಚಿ, ದಪ್ಪ ಬೋಲ್ಟ್ ಸಡಿಲಿಸಿ, ಪುಲ್ಲರ್ ಹಾಕಿ ತಿರುವಿ ಹಳೇ ಚಕ್ರ ಎಳೆದಳು. ಊಟದ ತಟ್ಟೆಯನ್ನೂ ಎತ್ತಿಡದ ನನ್ನ ಗಂಡ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರ್ ಎತ್ತಿಕೊಡುತ್ತಿದ್ದ. ಮಾವ ಹೆಗಲ ಮೇಲಿನ ಟವಲ್ಲನ್ನು ಬೆವರು ಒರೆಸಿಕೋ ಅಂತ ಅವಳಿಗೆ ಕೊಟ್ಟರು. ನಾವು ಒಗೆದು ಕೊಡಬಹುದೇ ಹೊರತು ಬಳಸುವಂತಿಲ್ಲದ ಟವಲ್ಲು ಅದು.

ಅವಳು ಹಳೇ ಸೀಲನ್ನು ನನಗೇ ತೋರಿಸಿದಳು. “ನೋಡಕ್ಕ, ಇದ್ರ ತುಟಿಗೆ ಒಸಿ ಮರಳು ಸಿಕ್ಕಂಡ್ರೂ ಸಾಕು, ತಿಂದಾಕ್ಬುಡ್ತದೆ. ಆಮೇಲೆ ಎಣ್ಣೆ ನಿಲ್ಲಲ್ಲ.” ನಾನು ಹೂಂ ಅಂದೆ.

ಹೊಸ ಸೀಲು ಕೂರಿಸಿದಳು. ಹೊಸ ಚಕ್ರದ ಕತ್ತಿಗೆ ಎಣ್ಣೆ ಸವರಿ ಗೋಣಿಚೀಲದ ಮೇಲಿಟ್ಟಳು. ಮೂವರೂ ಕಾಫಿಗೆ ಒಳಗೆ ಹೋದರು. ಆ ಕಾಫಿ ಮಾಡಿಟ್ಟವಳೂ ನಾನೇ. ನೋಡಿದರೆ ಹುಳಮನೆಯ ಬಾಗಿಲ ಹತ್ತಿರದ ತನಕ ಎಣ್ಣೆ ಹರಿದಿದೆ. ಹುಳಕ್ಕೆ ಯಾವ ವಾಸನೆಯೂ ಆಗದು, ಇವಳಿಗೆ ಅದರ ಖಬರೇ ಇಲ್ಲ. ತೇವ ಕಂಡಲ್ಲಿ ಸುಣ್ಣ, ಹುಳು ಸಾಕುವವರ ಕೈಗೆ ಬರುವುದು ಅದೊಂದೇ. ಹುಳದ ಹಾಸಿಗೆಗೆ ಉದುರಿಸುವ ಹಾಗೆ ಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು ಎಣ್ಣೆಯ ಮೇಲೆ ಕೊಡವಿದೆ. ಸಿಟ್ಟಿತ್ತು, ಜೋರಾಗಿಯೇ ಕೊಡವಿದೆ. ಎದ್ದ ಪುಡಿ ಚಕ್ರದ ಎಣ್ಣೆ ಸವರಿದ ಕತ್ತಿನ ಮೇಲೂ ಹೋಗಿ ಕೂತಿತು. ಸೆರಗಿನಿಂದ ಒರೆಸಬಹುದಿತ್ತು, ಒರೆಸಲಿಲ್ಲ.

ಮಾವ ಅವಳಿಂದ ಫ್ಯಾಕ್ಟರಿ ಕಥೆ ಕೇಳಿಕೊಂಡೇ ಹೊರಬಂದರು. ಮಾತಿನ ಭರದಲ್ಲಿ ಅವಳು ಚಕ್ರವನ್ನು ನೋಡದೆ ಎತ್ತಿ ಕೂರಿಸಿ ಬೋಲ್ಟ್ ಬಿಗಿದಳು. ನಾಳೆ ಇದೇ ಜಾಗದಿಂದ ಎಣ್ಣೆ ಸುರಿಯುವಾಗ ಮಾವನ ಮುಖ ಹೇಗಿರುತ್ತದೆ ಅಂತ ನೆನೆದು ನನಗೆ ಹಾಯೆನಿಸಿತು. ಆಗ ಕಣ್ಣು ಜಗಲಿಯ ಮೇಲಿದ್ದ ಗೂಡಿನ ಚೀಲಗಳ ಮೇಲೆ ಬಿತ್ತು. ಜೀಪು ದಾರಿಯಲ್ಲಿ ಕೆಟ್ಟರೆ ಬಿಸಿಲಲ್ಲಿ ಬೇಯುವುದು ನನ್ನ ಬೆಳೆಯೇ.

“ಬಿಚ್ಚಮ್ಮಿ ಅದ್ನ. ಒಳಗೆ ಸುಣ್ಣ ಸೇರ್ಕಂಡೈತೆ” ಅಂದೆ.

ಅವಳು ನನ್ನನ್ನು ನೋಡಿದಳು, ನನ್ನ ಕೈಯಲ್ಲಿದ್ದ ಸುಣ್ಣದ ಗಂಟನ್ನು ನೋಡಿದಳು. “ಯಾವಾಗ ನೋಡ್ದಕ್ಕ?”

“ಈಗ.”

ಬೋಲ್ಟ್ ಬಿಚ್ಚಿ ಮತ್ತೆ ಪುಲ್ಲರ್ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಆಡುತ್ತಿದ್ದೆ. ಎಲ್ಲ ಒರೆಸಿ, ಎಣ್ಣೆ ಹಚ್ಚಿ, ಮೊದಲಿಂದ ಕೂರಿಸಿದಳು. ಮಾವ ನನ್ನ ಗಂಡನ ಕಡೆ ತಿರುಗಿ, “ಒಸಿ ಅನ್ಮಾನ ಬಂದ್ರೂ ಎಲ್ಲಾ ಬಿಚ್ಚಿ ನೋಡ್ತಾಳೆ. ಕೆಲ್ಸ ಅಂದ್ರೆ ಇದು ಕಣ್ಲಾ” ಅಂದರು. ನಾನು ಬಾಯಿಬಿಟ್ಟು ಹೇಳಿದ್ದೂ ಅವಳ ಹೆಸರಿಗೇ ಹೋಯಿತು.

ಮಾರನೆಯ ದಿನ ರಜೆ ಹಾಕಿ, ಚೀಲಗಳ ಜೊತೆ ನನ್ನನ್ನೂ ಕೂರಿಸಿಕೊಂಡು, ಅವಳೇ ರಾಮನಗರಕ್ಕೆ ಜೀಪು ಓಡಿಸಿದಳು. ಮಾರ್ಕೆಟ್ಟಿನಲ್ಲಿ ನೂಲು ಬಿಚ್ಚುವವರು ನನ್ನ ಗೂಡನ್ನು ಕಿವಿಯ ಹತ್ತಿರ ಕುಲುಕಿ ನೋಡಿ ಹರಾಜಿನಲ್ಲಿ ಮೇಲೆ ಮೇಲೆ ಬೆಲೆ ಏರಿಸಿದರು. ಒಳ್ಳೇ ರೇಟಿಗೆ ಹೋಯಿತು. ಹೊರಗೆ ಬಂದವಳು ಮೊದಲು ಜೀಪಿನ ಕೆಳಗೆ ಬಗ್ಗಿದೆ. ಒಂದು ತೊಟ್ಟಾದರೂ ಬಿದ್ದಿರಲಿ ಅಂತ ಆಸೆಯಿತ್ತು. ನೆಲ ಒಣಗಿಕೊಂಡಿತ್ತು.

ಅಷ್ಟರಲ್ಲಿ ಮಾವನ ಫೋನು ಬಂತು. “ಜೀಪ್ ಹೆಂಗೈತವ್ವ?”

“ನನ್ ಗೂಡು ಒಳ್ಳೇ ರೇಟಿಗೆ ಹೋಯ್ತು ಮಾವ” ಅಂದೆ.

“ಹೋಗ್ದೆ ಏನಾಯ್ತದೆ? ನಿನ್ ಕೈಲಿ ಬೆಳೆ ಯಾವತ್ತವ್ವ ಕೆಟ್ಟದೆ? ಅದ್ನ ನಾನು ಕೇಳ್ಬೇಕಾ?”

ಈ ಮನೆಗೆ ಬಂದಾಗಿನಿಂದ ಕಾದಿದ್ದ ಮಾತು, ಬಂದದ್ದು ಫೋನಿನಲ್ಲಿ, ನನ್ನೊಬ್ಬಳ ಕಿವಿಗೆ. ಓರಗಿತ್ತಿ ಸ್ಟೇರಿಂಗ್ ಹಿಡಿದು ಕೂತಿದ್ದಳು. ಅವಳ ಪಕ್ಕ ಹತ್ತಿ ಕೂತು ಸ್ಪೀಕರ್ ಒತ್ತಿ, ಫೋನನ್ನು ಅವಳ ಕಡೆಗೆ ಹಿಡಿದೆ.

“ಸರ್ಯಾಗಿ ಕೇಳಿಸ್ಲಿಲ್ಲ ಮಾವ, ಇನ್ನೊಂದ್ಸಲ ಹೇಳಿ.”

ಮಾವ ಗಂಟಲು ಸರಿಮಾಡಿಕೊಂಡು ಜೋರಾಗಿ ಹೇಳಿದರು: “ಜೀಪ್ ಹೆಂಗೈತೆ ಅಂದೆ ಕಣವ್ವ.”