ಮಸ್ಕತ್ತಿನ ಬೆಕ್ಕಿಗೆ ದರ್ಬೆ ಪರದೇಶ

ನಮ್ಮ ಬೆಕ್ಕು ಇರುವುದು ಪರದೇಶದಲ್ಲಿ. ಅಂದರೆ ಪುತ್ತೂರಿನ ದರ್ಬೆಯಲ್ಲಿ, ನಮ್ಮ ಮನೆಯಲ್ಲಿ. ಅದು ಹುಟ್ಟಿದ್ದು ಮಸ್ಕತ್ತಿನಲ್ಲಿ, ಐದು ಮಾಳಿಗೆ ಮೇಲಿನ ತಾರಸಿಯಲ್ಲಿ. ನನ್ನ ಗಂಡ ಅಲ್ಲಿ ಎಸಿ ರಿಪೇರಿ ಮಾಡುತ್ತಿದ್ದರು. ಎಸಿಯ ಹೊರಗಿನ ಪೆಟ್ಟಿಗೆಯಲ್ಲಿ ಬಾಲ ಸಿಕ್ಕಿಸಿಕೊಂಡು ಕಿರುಚುತ್ತಿದ್ದ ಮರಿಯನ್ನು ತೆಗೆಯಲು ಇಡೀ ಯಂತ್ರ ಬಿಚ್ಚಿ ಹರಡಿದರಂತೆ. ಕೆಳಗೆ ಮನೆಯವರು ಸೆಕೆಯಲ್ಲಿ ಬೆಂದು ಇವರನ್ನು ಬೈಯುತ್ತಿದ್ದರಂತೆ. ಅರ್ಧ ಬಾಲ ಹೋಯಿತು, ಬೆಕ್ಕು ಉಳಿಯಿತು. ವಿಡಿಯೋ ಕಾಲಿನಲ್ಲಿ ಅದನ್ನು ಎತ್ತಿ ತೋರಿಸಿದಾಗ, ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವರಿಗೆ ಇದೊಂದು ಸಂಸಾರ ಬೇರೆ ಬೇಕಿತ್ತಾ ಎಂದು ಕೇಳಿದ್ದೆ. ಅವರು ನಕ್ಕಿದ್ದರು.

ಆಮೇಲಿನ ಫೋನುಗಳಲ್ಲಿ ನನ್ನ ಸುದ್ದಿಗಿಂತ ಅದರ ಸುದ್ದಿಯೇ ಹೆಚ್ಚು. ಬಾಲ್ಕನಿಯಿಂದ ಬಿದ್ದು ಕೆಳಗಿನ ಇಸ್ತ್ರಿ ಅಂಗಡಿಯ ಟಾರ್ಪಾಲಿನ ಮೇಲೆ ಮಲಗಿತ್ತು. ಇವರ ಸಾಮಾನಿನ ಚೀಲದಲ್ಲಿ ಕೂತು ಕೆಲಸಕ್ಕೆ ಹೋಗುತ್ತಿತ್ತು. ಒಮ್ಮೆ ಮೀನು ಮಾರ್ಕೆಟಿನ ಹತ್ತಿರ ಚೀಲದಿಂದ ಹಾರಿ ಮಾಯವಾಯಿತು. ಹುಡುಕಿ ಹುಡುಕಿ ಸಾಕಾಗಿ ನೋಡಿದರೆ ಯಾರದೋ ದೋಣಿಯಲ್ಲಿ, ಹೊಟ್ಟೆ ಡೋಲಿನ ಹಾಗೆ ಮಾಡಿಕೊಂಡು ನಿದ್ದೆ ಹೊಡೆಯುತ್ತಿತ್ತು. ಗಟ್ಟಿ ಪಿಂಡ.

ನನ್ನ ಗಂಡ ಗಟ್ಟಿ ಇರಲಿಲ್ಲ. ಒಂದು ಶುಕ್ರವಾರ, ರಜೆಯ ದಿನ, ರೂಮಿನವರೆಲ್ಲ ಹೊರಗೆ ಹೋಗಿದ್ದಾಗ ಅವರ ಎದೆಬಡಿತ ನಿಂತಿತು. ಪೆಟ್ಟಿಗೆ ವಿಮಾನದಲ್ಲಿ ಮಂಗಳೂರಿಗೆ ಬಂತು. ಮುಖ ನೋಡಿದೆ. ನನಗೆ ಏನೂ ಆಗಲಿಲ್ಲ. ನಾನು ಕುಸಿದು ಬೀಳುತ್ತೇನೆಂದು ನೆಂಟರಿಬ್ಬರು ತೋಳು ಹಿಡಿದು ನಿಂತಿದ್ದರು; ಪಾಪ, ಅವರ ಕೈ ಸೋತಿತು. ಕಾರ್ಯ ಮುಗಿದ ಮೇಲೆ ಹೊಲಿಗೆ ಅಂಗಡಿಗೆ ಹೋದೆ, ಬ್ಲೌಸು ಹೊಲಿದೆ, ಮನೆಗೆ ಬಂದೆ, ಉಂಡೆ. ಕಲ್ಲಿನಂಥ ಹೆಂಗಸು ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಅದಕ್ಕೂ ಏನೂ ಅನಿಸಲಿಲ್ಲ.

ಅತ್ತೆಯ ಚಿಂತೆ ಬೇರೆ. ದೇಹವೇನೋ ಬಂತು, ಅವನು ಬಂದನಾ ಎಂಬುದು. ಅಷ್ಟು ದೂರದಲ್ಲಿ ಸತ್ತವನಿಗೆ ಮನೆಯ ದಾರಿ ತಿಳಿಯಬೇಡವೇ? ನಮ್ಮ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರನ್ನು ಕರೆದು ಬಡಿಸುವ ಕ್ರಮವಿದೆ. ಕೋಣೆಯಲ್ಲಿ ದೀಪ ಹಚ್ಚಿ, ಬಾಳೆಯ ತುದಿ ಎಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದು ಸ್ವಲ್ಪ ಹೊತ್ತು ಹೊರಗೆ ಕೂರುವುದು. ಮೊದಲ ಆಟಿಯಲ್ಲಿ ಬಾಗಿಲು ತೆರೆದಾಗ ಅತ್ತೆ ಅನ್ನದ ರಾಶಿಯನ್ನು ಬಗ್ಗಿ ನೋಡಿದರು, ಲೋಟದ ನೀರನ್ನು ನೋಡಿದರು. ಇಟ್ಟದ್ದು ಇಟ್ಟ ಹಾಗೇ ಇತ್ತು. ಎಲ್ಲರ ಮನೆಯಲ್ಲೂ ಹಾಗೇ ಇರುವುದು. ಅತ್ತೆ ಮಾತ್ರ, ಅವನಿಗೆ ದಾರಿ ಸಿಗಲಿಲ್ಲ ಎಂದು ತಿಂಗಳುಗಟ್ಟಲೆ ಹೇಳಿದರು. ನಾನು ಹೂಂ ಎನ್ನುತ್ತಾ ಬಟನ್ ಹಾಕುತ್ತಿದ್ದೆ.

ಅಷ್ಟರಲ್ಲಿ ಬೆಕ್ಕಿನ ವಿಷಯ ಬಂತು. ಇವರ ರೂಮಿನ ಜೊತೆಗಾರರೊಬ್ಬರು, ಮರ್ಕಂಜದವರು, ಕೆಲಸ ಬಿಟ್ಟು ಊರಿಗೆ ಬರುವವರಿದ್ದರು. ಬೆಕ್ಕನ್ನು ಏನು ಮಾಡುವುದೆಂದು ಫೋನು ಮಾಡಿ ಕೇಳಿದರು. ಅಲ್ಲೇ ಬಿಡಿ ಎಂದೆ. ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡರು.

“ಇಲ್ಲಿಗೆ ತನ್ನಿ. ಅವನು ಹೋಗುವಾಗ ಹತ್ತಿರ ಇದ್ದದ್ದು ಅದೊಂದೇ.”

ಸೂಜಿ, ಸರ್ಟಿಫಿಕೇಟು, ಬೆಂಗಳೂರಿನವರೆಗೆ ವಿಮಾನ, ಘಾಟಿಯ ತಿರುವುಗಳಲ್ಲಿ ಕಾರಿನ ತುಂಬ ವಾಂತಿ. ಹಾಗೆ ಬಂದಿಳಿಯಿತು. ಫಾರಿನ್ ಬೆಕ್ಕೆಂದು ನೋಡಲು ಬಂದ ಅಕ್ಕಪಕ್ಕದವರಿಗೆ ಕಂಡದ್ದು ಮಣ್ಣಿನ ಬಣ್ಣದ, ಎಲುಬು ಕಾಣುವ, ಅರ್ಧ ಬಾಲದ ಪ್ರಾಣಿ. ಇಂಥದ್ದು ನಮ್ಮ ಮೀನು ಮಾರ್ಕೆಟಿನಲ್ಲೇ ಬೇಕಾದಷ್ಟು ಉಂಟಲ್ಲ ಮಾರಾಯ್ರೆ ಎಂದು ಆಚೆಮನೆಯವರು ಮುಖ ಸಣ್ಣ ಮಾಡಿದರು. ಮಸ್ಕತ್ತಿನಲ್ಲಿ ದೋಣಿ ಹತ್ತಿದ ಶೂರ ಇಲ್ಲಿ ಕಪ್ಪೆ ಕಂಡು ಕಪಾಟಿನ ಮೇಲೆ ಕೂತಿತು. ಧೈರ್ಯ ಬಂದ ಮೇಲೆ ತೆಂಗಿನ ಮರ ಹತ್ತಿ, ಇಳಿಯಲಾಗದೆ ಇಡೀ ದಿನ ಕೂಗಿತು. ಇನ್ನೊಮ್ಮೆ ಯಾರದೋ ಪಿಕಪ್ಪಿನೊಳಗೆ ಮಲಗಿ ಮಂಡೆಕೋಲಿಗೆ ಹೋಗಿ ಇಳಿಯಿತು; ವಾಟ್ಸಾಪಿನಲ್ಲಿ ಸುತ್ತಿದ ಫೋಟೋದಲ್ಲಿ ಅರ್ಧ ಬಾಲ ಕಂಡು ನಾನೇ ಹೋಗಿ ತಂದೆ. ಕಳ್ಳತನವನ್ನಂತೂ ಬಿಡಲಿಲ್ಲ. ನನಗೆ ಅದರ ಮೇಲೆ ಪ್ರೀತಿ ಇರಲಿಲ್ಲ. ಸಿಟ್ಟೂ ಇರಲಿಲ್ಲ. ಹೊಟ್ಟೆಗೆ ಹಾಕುತ್ತಿದ್ದೆ, ಅಷ್ಟೆ.

ಎರಡನೆಯ ಆಟಿ ಬಂತು. ಅತ್ತೆ ಬಂಗುಡೆ ಮೀನು ಹುರಿದರು, ಕೋಳಿ ಪದಾರ್ಥ ಮಾಡಿದರು. ಸಂಜೆ ಬಡಿಸಿ, ಕರೆದು, ಬಾಗಿಲು ಎಳೆದು ಹೊರಗೆ ಕೂತೆವು. ತೆರೆದಾಗ ಬಂಗುಡೆ ಇರಲಿಲ್ಲ, ನಡುಮುಳ್ಳು ಮಾತ್ರ ಇತ್ತು. ಅನ್ನ ಚೆಲ್ಲಾಪಿಲ್ಲಿಯಾಗಿತ್ತು. ಅತ್ತೆ ಗೋಡೆ ಹಿಡಿದುಕೊಂಡರು. ಬಂದ, ಬಂದ ಎಂದು ಎರಡು ಸಲ ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ಬಹಳ ಕಾಲದಿಂದ ನೋಡಿರಲಿಲ್ಲ.

ನಾನು ಸುಮ್ಮನಿರಬಹುದಿತ್ತು. ಆದರೆ ಮಂಚದ ಅಡಿಯಲ್ಲಿ ಅರ್ಧ ಬಾಲ ಕಾಣುತ್ತಿತ್ತು, ನನ್ನ ಬಾಯಿಗೆ ಬೀಗವಿಲ್ಲ.

“ಬೆಕ್ಕು ತಿಂದದ್ದು ಮಾಮಿ,” ಎಂದೆ.

ಅತ್ತೆ ಬಗ್ಗಿ ನೋಡಿದರು. ಅದು ಆರಾಮವಾಗಿ ಮೀಸೆ ಒರೆಸಿಕೊಳ್ಳುತ್ತಿತ್ತು. ನನಗೋ ಬೆಕ್ಕಿಗೋ ಬೈಗುಳ ಬೀಳುತ್ತದೆ ಎಂದುಕೊಂಡೆ. ಅವರು ಬೈಯಲಿಲ್ಲ.

“ಹಾಗಾದ್ರೆ ಅವನಿಗೆ ಎಂತ ಉಂಟು?” ಎಂದು ಕೇಳಿದರು.

ಕೇಳಿದವರೇ ಅಡುಗೆಮನೆಗೆ ಹೋದರು. ಮರುದಿನಕ್ಕೆಂದು ಮಸಾಲೆ ಹಚ್ಚಿಟ್ಟಿದ್ದ ಬಂಗುಡೆಯನ್ನು ಫ್ರಿಜ್ಜಿನಿಂದ ತೆಗೆದು ಕಾವಲಿಗೆ ಹಾಕಿದರು. ಎಣ್ಣೆಯ ಸದ್ದು ಕೇಳುತ್ತಾ ನಾನು ಹಳೆಯ ಎಲೆ ಎತ್ತಿದೆ, ನೆಲ ಒರೆಸಿದೆ, ಹೊಸ ಎಲೆ ತೊಳೆದು ಹಾಕಿದೆ. ಅತ್ತೆ ಮತ್ತೊಮ್ಮೆ ಎಲ್ಲವನ್ನೂ ಬಡಿಸಿದರು. ಬಾ ಮಗ, ತಡವಾಯಿತು, ಉಣ್ಣು ಎಂದು ಮತ್ತೊಮ್ಮೆ ಕರೆದರು. ನಾನು ಬೆಕ್ಕನ್ನು ಎತ್ತಿಕೊಂಡು ಬಂದು ಬಾಗಿಲು ಎಳೆದೆ.

ಇಬ್ಬರೂ ಹೊರಗೆ ಕೂತೆವು. ಬೆಕ್ಕು ಮಡಿಲಲ್ಲಿ ಒದ್ದಾಡಿತು, ಕೈ ಪರಚಿತು. ಬಿಡಲಿಲ್ಲ. ಅವರು ಸತ್ತಂದಿನಿಂದ ನನಗೆ ಯಾವುದೂ ಬೇಕೆನಿಸಿರಲಿಲ್ಲ. ಈಗ ಬೇಕೆನಿಸಿತು. ಅವರು ಬರಬೇಕು, ಒಂದು ತುತ್ತಾದರೂ ಉಣ್ಣಬೇಕು ಎಂದು ಹೊಟ್ಟೆಯೊಳಗಿನಿಂದ ಆಸೆ ಎದ್ದಿತು. ಕಿವಿಗೊಟ್ಟು ಕೇಳಿದೆ. ಒಳಗೆ ಯಾವ ಸದ್ದೂ ಇರಲಿಲ್ಲ.

ಅತ್ತೆ ಬಾಗಿಲು ತೆರೆಯಲೆಂದು ಎದ್ದರು. ನಾನು ಅವರ ಸೆರಗು ಹಿಡಿದೆ.

“ಸ್ವಲ್ಪ ತಡೆಯಿರಿ ಮಾಮಿ,” ಎಂದೆ. “ಅವರು ಊಟ ಮಾಡುದು ನಿಧಾನ ಅಲ್ವಾ.”