ತಾನೇ ಕುಗ್ಗಿದ ರಬ್ಬರ್ ಚೀಲ

ನಾನು ದೇವರನ್ನು ನಂಬುವವಳು, ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕುವುದಿಲ್ಲ. ಆದರೂ ‘ನನಗೆ ಹೀಗಾಯಿತು, ಹಾಗೆ ಕಂಡಿತು’ ಎಂದು ಪವಾಡ ಹೇಳುವವರ ಮಾತಿಗೆ ನಗುತ್ತಿದ್ದೆ. ಎಪ್ಪತ್ತರ ದಶಕದ ಒಂದು ಮಧ್ಯಾಹ್ನ ಆ ನಗು ನಿಂತಿತು.

ಆಗ ನಾವು ಸಿಂದಗಿಯಲ್ಲಿದ್ದೆವು. ನಾದಿನಿ ನೀಲವ್ವನಿಗೆ ಹತ್ತೊಂಬತ್ತು ವರ್ಷ, ಸೊಂಟ ದಾಟುವ ಕೂದಲು. ಹೇನು ಹೋಗಲೆಂದು ಹತ್ತಿ ಬೆಳೆಯ ಹುಳಕ್ಕೆ ಹೊಡೆಯುವ ಔಷಧವನ್ನು ತಲೆಗೆ ತಿಕ್ಕಿ, ಬಟ್ಟೆ ಕಟ್ಟಿಕೊಂಡು ಕುಳಿತಳು. ಹಲವರು ಹಾಗೇ ಮಾಡುತ್ತಿದ್ದರು.

“ವಾಸನಿ ಹೊಡೀತೈತಿ, ತೊಳಕೋ ಇನ್ನ” ಎಂದೆ.

“ಹೇನಿಗೂ ಸಾಯಾಕ ಟೈಮ್ ಬೇಕಲ್ಲರೀ ವೈನಿ” ಎಂದು ನಕ್ಕಳು.

ಗಂಟೆಯೊಳಗೆ ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸಾಸಿವೆಯಷ್ಟು. ಹೊತ್ತುಕೊಂಡು ಹೋಗಿ ಬಸ್ಸಿಗೆ ಹತ್ತಿಸಿದೆವು. ಡ್ರೈವರ್ ಎಲ್ಲೂ ನಿಲ್ಲಿಸದೆ ಜಿಲ್ಲೆಯ ದೊಡ್ಡ ಆಸ್ಪತ್ರೆಗೇ ತಂದುಬಿಟ್ಟ, ಅದೊಂದು ಪುಣ್ಯ. ಡಾಕ್ಟರು ಇನ್ನೂ ಊಟಕ್ಕೆ ಎದ್ದಿರಲಿಲ್ಲ, ಅದೂ ಪುಣ್ಯ. ತಲೆ ಬೋಳಿಸಿ ತೊಳೆದು ಸೂಜಿಯ ಮೇಲೆ ಸೂಜಿ ಕೊಟ್ಟರು. ಆದರೂ ಉಸಿರು ನಿಂತಿತು. ಗಂಟಲಿಗೆ ನಳಿಗೆ ಇಳಿಸಿ, ಅದಕ್ಕೊಂದು ರಬ್ಬರ್ ಚೀಲ ಸಿಕ್ಕಿಸಿದರು.

“ಮುಂಬೈದಾಗ ಹೃದಯ, ಪುಪ್ಪಸ ಎರಡರ ಕೆಲಸಾನೂ ಮಾಡೋ ಮಷೀನ್ ಅದಾವಂತ. ಇಲ್ಲಿ ನಿಮ್ಮ ಕೈಯೇ ಮಷೀನು, ತಾಯಿ. ಒತ್ರಿ, ಬಿಡ್ರಿ. ನಿಂದರಿಸಿದ್ರ ಹೋದ್ಲು” ಎಂದರು ಡಾಕ್ಟರು.

ಬಳೆ ತೆಗೆದಿಟ್ಟು ಒತ್ತತೊಡಗಿದೆ. ಒಂದು ‘ನಮಃ ಶಿವಾಯ’ಕ್ಕೆ ಒಂದು ಉಸಿರು. ನಾನೂ ನಮ್ಮ ಯಜಮಾನರೂ ಸರದಿಯಂತೆ ಎರಡು ದಿನ ಕಳೆದೆವು. ಮೂರನೆಯ ದಿನ ಮಧ್ಯಾಹ್ನ ಅವರು ಔಷಧ ತರಲು ಹೋದಾಗ ನನ್ನ ಬೆರಳುಗಳು ಸೆಟೆದುಕೊಂಡವು. ಎಷ್ಟು ಹೆಣಗಿದರೂ ಮಡಚಲಾಗಲಿಲ್ಲ. ಕೂಗಿಕೊಂಡೆ. ವಾರ್ಡಿನ ಆ ತುದಿಯಿಂದ ನರ್ಸ್ ಓಡಿಬರುತ್ತಿದ್ದಳು. ಮುಚ್ಚಿಡುವುದೇಕೆ, ‘ಸಾಕು ಶಿವನೇ, ಕರಕೊಂಡು ಬಿಡು’ ಎಂದು ಮನಸ್ಸಿನಲ್ಲಿ ಅಂದುಬಿಟ್ಟೆ.

ಆಗ ಚೀಲ ತಾನೇ ಕುಗ್ಗಿತು. ಮರಗಟ್ಟಿದ ನನ್ನ ಬೆರಳುಗಳ ಕೆಳಗೇ ಕುಗ್ಗಿತು, ಉಬ್ಬಿತು. ನೀಲವ್ವನ ಎದೆ ಏರಿ ಇಳಿಯಿತು. ನರ್ಸ್ ಬಂದು ಕಸಿದುಕೊಳ್ಳುವಷ್ಟರಲ್ಲಿ ಏಳು ಸಲ.

“ಆಕೀನ ಉಸಿರು ಎಳಕೊಂಡಿರಬೇಕ್ರಿ” ಎಂದೆ, ಡಾಕ್ಟರು ಬಂದಾಗ. ಅವರು ಚೀಲ ಬಿಡಿಸಿ, ಎದೆಯ ಮೇಲೆ ಕಣ್ಣಿಟ್ಟು ನೋಡಿ, ಮತ್ತೆ ಸಿಕ್ಕಿಸಿದರು. “ಇಲ್ರೀ. ಆಕಿಗಿನ್ನೂ ಸ್ವಂತ ಉಸಿರಿಲ್ಲ.” ಅದು ಬಂದದ್ದು ಮರುದಿನ ಸಂಜೆ.

ಬೋಳು ತಲೆಯಲ್ಲಿ ಬೆರಳುದ್ದ ಕೂದಲು ಬಂದ ಮೇಲೆ ಒಂದು ದಿನ ಇಬ್ಬರೂ ಜೋಳ ಹಸನು ಮಾಡುತ್ತ ಕುಳಿತಿದ್ದೆವು. ನೀಲವ್ವ ಮೊರದಿಂದ ತಲೆಯೆತ್ತದೆ ಅಂದಳು:

“ವೈನಿ, ಅವತ್ತು ನೀವು ಸಾಕು ಅಂದ್ರಿ. ನನಗಿನ್ನೂ ಸಾಕಾಗಿದ್ದಿಲ್ಲರೀ.”

ಆ ಮಾತನ್ನು ನಾನು ಬಾಯಿಬಿಟ್ಟು ಆಡಿರಲಿಲ್ಲ. ಯಜಮಾನರಿಗೂ ಹೇಳಿರಲಿಲ್ಲ. ಕ್ಷಮಿಸು ಎನ್ನಲು ಹೋದವಳು ನನ್ನ ಮುಂದಿನ ಜೋಳ ಕೆದಕಿದೆ. ಅವಳು ಒಂದು ಹರಳು ಹೆಕ್ಕಿ ಎಸೆದು, ಮತ್ತೆ ಕೇರತೊಡಗಿದಳು. ಆ ಏಳು ಉಸಿರು ಯಾರು ಕೊಟ್ಟರೆಂದು ಅವಳನ್ನು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.